ನೀಲಿ ಹುಲ್ಲೂ ನಮ್ಮ ಎರೆಭೂಮಿಯೂ

ವೈಶಾಖದ ನಡುಹಗಲಿನಲ್ಲಿ ಜಮಖಂಡಿಯಿಂದ ಮುಧೋಳದ ಕಡೆಗೆ ಹೊರಟವನಿಗೆ ದಾರಿಯ ಇಕ್ಕೆಲಗಳಲ್ಲಿ ಎರಡು ಬಗೆಯ ನೆಲ ಕಾಣುತ್ತದೆ. ನೀರು ದೊರೆತಲ್ಲಿ ಕಬ್ಬಿನ ದಟ್ಟ ಹಸುರು. ನೀರಿಲ್ಲದಲ್ಲಿ ಬಾಯಿಬಿಟ್ಟ ಕರಿಯ ಎರೆಭೂಮಿ. ಆ ಬಿರುಕುಗಳೊಳಕ್ಕೆ ಮೊಣಕೈಯವರೆಗೆ ತೋಳನ್ನು ಇಳಿಸಬಹುದು. ನೆರಳಿಲ್ಲ, ಗಾಳಿಯಲ್ಲಿ ತೇವವಿಲ್ಲ. ಉಷ್ಣಮಾಪಕದ ಪಾದರಸ 40 ಡಿಗ್ರಿ ಸೆಲ್ಸಿಯಸಿನ ಸುತ್ತಮುತ್ತ ನಿಂತಿರುತ್ತದೆ. ಇಂಥ ನೆಲದಲ್ಲಿ ಹೊಸ ಮನೆಯನ್ನು ಕಟ್ಟಿಸಿದ ನನ್ನ ಗೆಳೆಯರೊಬ್ಬರಿಗೆ ಅಂಗಳದಲ್ಲಿ ನೀಲಿ ಹುಲ್ಲನ್ನು ಬೆಳೆಸಬೇಕೆಂಬ ಆಸೆ ಹುಟ್ಟಿತು. ಚಿತ್ರದಲ್ಲಿ ಅವರು ಅದನ್ನು ಕಂಡಿದ್ದರು: ಮುಳ್ಳುಹಂದಿಯ ಮರಿಯಂತೆ ದುಂಡಗೆ ಕುಳಿತ, ಬೆಳ್ಳಿ ಬೆರೆತ ನೀಲಿಬಣ್ಣದ, ಒಂದು ಗೇಣೆತ್ತರದ ಪೊದೆ. ಕೆಳಗೆ ‘ಆರೈಕೆ ಬೇಕಿಲ್ಲದ ಹುಲ್ಲು’ ಎಂಬ ಬರಹ.

ದೂರದ ನಗರದಿಂದ ಹನ್ನೆರಡು ಕುಂಡಗಳನ್ನು ತರಿಸಿ ಮೃಗಶಿರಾ ಮಳೆಗೆ ನೆಟ್ಟರು. ದಸರೆಯ ಹೊತ್ತಿಗೆ ಎರಡು ಉಳಿದಿದ್ದವು. ಹೋಳಿಹುಣ್ಣಿಮೆಗೆ ಒಂದೂ ಇರಲಿಲ್ಲ. ತಾವು ನೀರನ್ನು ಸಾಕಷ್ಟು ಹಾಕಲಿಲ್ಲವೇನೋ ಎಂದು ಅವರು ಪೇಚಾಡಿಕೊಂಡರು. ನಿಜವಾಗಿ ನೋಡಿದರೆ ಅವರು ಹಾಕಿದ ನೀರು ಹೆಚ್ಚೇ ಆಗಿತ್ತು. ಆದರೆ ನೀರೊಂದೇ ಕಾರಣವಲ್ಲ. ಇನ್ನೊಂದು ಕಾರಣ ಎಲೆಯ ಒಳಗಿದೆ. ಅದನ್ನು ಅರಿಯಲು ಮುಧೋಳದ ಕಬ್ಬಿನ ಗದ್ದೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇರೊಂದಿಲ್ಲ.

ಮೊದಲು ಈ ಅತಿಥಿಯ ಪರಿಚಯವನ್ನು ಮಾಡಿಕೊಳ್ಳೋಣ. ಸಸ್ಯಶಾಸ್ತ್ರಜ್ಞರು ಇದನ್ನು ಫೆಸ್ಟುಕ ಗ್ಲಾಕ ಎಂದು ಕರೆಯುತ್ತಾರೆ; ತೋಟಗಾರರ ಬಾಯಲ್ಲಿ ಇದು ನೀಲಿ ಫೆಸ್ಕ್ಯೂ. ‘ಫೆಸ್ಟುಕ’ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಹುಲ್ಲಿನ ಕಡ್ಡಿಗೆ ಇರುವ ಹೆಸರು. ಈ ಕುಲದಲ್ಲಿ ನಾಲ್ಕುನೂರಕ್ಕೂ ಮಿಕ್ಕ ಜಾತಿಗಳುಂಟು. ಅವುಗಳಲ್ಲಿ ಬಹುಪಾಲು ಜಗತ್ತಿನ ತಂಪು ನಾಡುಗಳಲ್ಲಿಯೂ ಎತ್ತರದ ಬೆಟ್ಟಗಳಲ್ಲಿಯೂ ವಾಸಿಸುತ್ತವೆ. ನಮ್ಮ ಹಿಮಾಲಯದ ಹುಲ್ಲುಗಾವಲುಗಳಲ್ಲಿಯೂ ಹಲವು ಜಾತಿಗಳಿವೆ. ನೀಲಿ ಫೆಸ್ಕ್ಯೂವಿನ ತವರು ದಕ್ಷಿಣ ಫ್ರಾನ್ಸಿನ ಕಡೆಯ ಕಲ್ಲುನೆಲ. ಅಲ್ಲಿ ಮಣ್ಣು ತೆಳುವಾದದ್ದು, ಸತ್ವಹೀನವಾದದ್ದು. ಬಿದ್ದ ನೀರು ನಿಲ್ಲದೆ ಸೋರಿಹೋಗುತ್ತದೆ. ಮಳೆ ಬರುವುದು ಹೆಚ್ಚಾಗಿ ತಂಪುಕಾಲದಲ್ಲಿ. ಆ ನೆಲದಲ್ಲಿ ಈ ಹುಲ್ಲಿಗೆ ಗೊಬ್ಬರ ಬೇಡ. ಬೇರೂರಿದ ಮೇಲೆ ನೀರೂ ಹೆಚ್ಚಾಗಿ ಬೇಡ. ಒಣಗಿದ ಎಲೆಗಳನ್ನು ಬೆರಳುಗಳಿಂದ ಬಾಚಿ ತೆಗೆಯುವುದು, ಬೇಡವಾದರೆ ಹೂಗೊಂಚಲನ್ನು ಕತ್ತರಿಸುವುದು, ಪೊದೆಯ ನಡುಭಾಗ ಸತ್ತು ಬೋಳಾದಾಗ ಎರಡು ಮೂರು ವರ್ಷಕ್ಕೊಮ್ಮೆ ಬುಡವನ್ನು ಸೀಳಿ ಮರಳಿ ನೆಡುವುದು, ಇಷ್ಟೇ ಆರೈಕೆ. ‘ಆರೈಕೆ ಬೇಕಿಲ್ಲ’ ಎಂಬ ಮಾತು ಸುಳ್ಳಲ್ಲ. ಆದರೆ ಅದು ಆ ನೆಲದ ಮಾತು, ಆ ಹವೆಯ ಮಾತು.

ನಮ್ಮ ನೆಲವಾದರೋ ಬೇರೆ. ಬಾಗಲಕೋಟೆ ಜಿಲ್ಲೆಯ ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ರಿಂದ 600 ಮಿಲಿಮೀಟರು. ಅದರಲ್ಲಿ ಬಹುಭಾಗ ಜೂನಿನಿಂದ ಅಕ್ಟೋಬರಿನೊಳಗೆ, ಅಂದರೆ ಬೆಚ್ಚನೆಯ ಕಾಲದಲ್ಲಿಯೇ, ಸುರಿದುಹೋಗುತ್ತದೆ. ಕೃಷ್ಣೆ ಮತ್ತು ಘಟಪ್ರಭೆಯ ಬಯಲುಗಳಲ್ಲಿರುವುದು ಎರೆಮಣ್ಣು. ಇದರ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿರುತ್ತವೆ. ಮಳೆ ಬಿದ್ದಾಗ ಹಾಳೆಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ರಂಧ್ರಗಳು ಮುಚ್ಚಿಹೋಗುತ್ತವೆ, ನೀರು ಮೇಲೆಯೇ ನಿಲ್ಲುತ್ತದೆ. ಬೇಸಗೆಯಲ್ಲಿ ನೀರು ಆರಿದಾಗ ಅದೇ ಮಣ್ಣು ಕುಗ್ಗಿ ಬಿರುಕುಬಿಡುತ್ತದೆ, ಎಳೆಯ ಬೇರುಗಳನ್ನು ಹರಿಯುತ್ತದೆ. ಫೆಸ್ಕ್ಯೂವಿನ ಬೇರು ನೂಲಿನಂತೆ ಸಣ್ಣದು. ಮಳೆಗಾಲದಲ್ಲಿ ಬುಡದ ಸುತ್ತ ನಿಂತ ಬೆಚ್ಚನೆಯ ನೀರಿನಲ್ಲಿ ಬೂಷ್ಟು ಬೆಳೆದು ಬುಡ ಕೊಳೆಯಿತು. ಗೆಳೆಯರ ಹತ್ತು ಗಿಡಗಳು ಹೋದದ್ದು ಹಾಗೆ. ಉಳಿದೆರಡನ್ನು ಬಿಸಿಲು ಕೊಂದಿತು.

ಬೀಳಗಿಯ ದಿಣ್ಣೆಗಳಲ್ಲಿಯೂ ಜಮಖಂಡಿಯ ಗುಡ್ಡದ ಅಂಚಿನಲ್ಲಿಯೂ ಗರಸು ನೆಲವಿದೆಯಲ್ಲ, ಅಲ್ಲಿ ನೀರು ನಿಲ್ಲುವುದಿಲ್ಲವಲ್ಲ ಎಂದು ವಾಚಕರು ಕೇಳಬಹುದು. ನಿಜ, ಅಲ್ಲಿ ಬುಡ ಕೊಳೆಯಲಾರದು. ಆದರೆ ಬಿಸಿಲಿನ ತೊಡಕು ಅಲ್ಲಿಯೂ ತಪ್ಪದು. ಅದೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ಎಲೆಯು ಸೂರ್ಯನ ಬೆಳಕಿನ ಬಲದಿಂದ ಗಾಳಿಯಲ್ಲಿರುವ ಅಂಗಾರಾಮ್ಲ ಅನಿಲವನ್ನು ಹಿಡಿದು ಸಕ್ಕರೆಯನ್ನು ತಯಾರಿಸುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಈ ಅನಿಲವನ್ನು ಹಿಡಿಯುವ ಕೆಲಸ ರುಬಿಸ್ಕೊ ಎಂಬ ಕಿಣ್ವದ್ದು. ಇದು ಬಹು ಉಪಕಾರಿಯಾದರೂ ಸ್ವಲ್ಪ ಮಂದದೃಷ್ಟಿಯದು. ಅಂಗಾರಾಮ್ಲವನ್ನು ಹಿಡಿಯಬೇಕಾದ ಕಡೆ ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಹಾಗಾದಾಗ ಸಕ್ಕರೆ ತಯಾರಾಗುವುದಿರಲಿ, ಮೊದಲೇ ಹಿಡಿದಿದ್ದ ಇಂಗಾಲದಲ್ಲಿ ಒಂದು ಪಾಲು ಮರಳಿ ಗಾಳಿಗೆ ಹೋಗುತ್ತದೆ. ಇದಕ್ಕೆ ಬೆಳಕುಸಿರಾಟವೆಂದು ಹೆಸರು. ಹಿತವಾದ ಹವೆಯಲ್ಲಿಯೂ ಈ ನಷ್ಟ ನಾಲ್ಕರಲ್ಲೊಂದು ಪಾಲಿನವರೆಗೆ ಹೋಗಬಹುದು. ಬಿಸಿಲೇರಿದಂತೆ ಕಿಣ್ವದ ತಪ್ಪುಗಳೂ ಏರುತ್ತವೆ. ಇದರ ಮೇಲೆ, ನೀರನ್ನು ಉಳಿಸಿಕೊಳ್ಳುವುದಕ್ಕಾಗಿ ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಂಡರೆ ಒಳಗೆ ಅಂಗಾರಾಮ್ಲ ಮುಗಿದು ಆಮ್ಲಜನಕವೇ ಉಳಿಯುತ್ತದೆ. ಫೆಸ್ಕ್ಯೂ, ಗೋಧಿ, ಬತ್ತ ಇವೆಲ್ಲ ಈ ಹಳೆಯ ಪದ್ಧತಿಯ ಸಸ್ಯಗಳು. ಫೆಸ್ಕ್ಯೂವಿನಂಥ ತಂಪುಹುಲ್ಲುಗಳು ಚೆನ್ನಾಗಿ ಬೆಳೆಯುವುದು 15 ರಿಂದ 24 ಡಿಗ್ರಿಯ ಹವೆಯಲ್ಲಿ. ನಮ್ಮ ಏಪ್ರಿಲ್ ತಿಂಗಳಲ್ಲಿ ರಾತ್ರಿಯೂ ಅದಕ್ಕೆ ಸೆಕೆಯೇ. ಹಗಲಿನ ಗಳಿಕೆ ಕಡಿಮೆ, ಇರುಳಿನ ಉಸಿರಾಟದ ಖರ್ಚು ಹೆಚ್ಚು. ಇಂಥ ಸಂಸಾರ ಎಷ್ಟು ದಿನ ನಡೆದೀತು?

ಇನ್ನು ಕಬ್ಬಿನ ಕಡೆ ನೋಡೋಣ. ‘ಹೌದೇನ್ರಿ ಸರ, ಕಬ್ಬಂದ್ರೂ ಹುಲ್ಲ ಏನ್ರಿ?’ ಎಂದು ಮುಧೋಳದ ಕಡೆಯ ರೈತರೊಬ್ಬರು ನನ್ನನ್ನು ಒಮ್ಮೆ ನಗುತ್ತ ಕೇಳಿದ್ದರು. ಹೌದು, ಕಬ್ಬೂ ಹುಲ್ಲು, ಜೋಳವೂ ಹುಲ್ಲು. ಆದರೆ ಬಿಸಿಲನ್ನು ಗೆದ್ದ ಹುಲ್ಲುಗಳು. ಈ ಗುಟ್ಟು ಹೊರಬಿದ್ದದ್ದು ಕಬ್ಬಿನಿಂದಲೇ. ಹವಾಯಿ ದ್ವೀಪಗಳ ಸಕ್ಕರೆ ಬೆಳೆಗಾರರ ಸಂಶೋಧನಾಲಯದಲ್ಲಿ ಹ್ಯೂಗೊ ಕೋರ್ಟ್‌ಶಾಕ್ ಮತ್ತು ಅವರ ಸಂಗಡಿಗರು ವಿಕಿರಣಶೀಲ ಇಂಗಾಲವುಳ್ಳ ಅಂಗಾರಾಮ್ಲವನ್ನು ಕಬ್ಬಿನ ಎಲೆಗೆ ಉಣಿಸಿ, ಅದು ಮೊದಲು ಯಾವ ವಸ್ತುವಿನಲ್ಲಿ ಸೇರುವುದೆಂದು ಹುಡುಕಿದರು. ಆಗ ತಿಳಿದಿದ್ದ ಸಸ್ಯಗಳಲ್ಲಿ ಮೊದಲು ಹುಟ್ಟುವ ವಸ್ತುವಿನಲ್ಲಿ ಇಂಗಾಲದ ಪರಮಾಣುಗಳು ಮೂರು. ಕಬ್ಬಿನಲ್ಲಿ ನಾಲ್ಕಿದ್ದವು! 1965ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮರುವರ್ಷ ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಇಡೀ ಮಾರ್ಗವನ್ನು ಬಿಡಿಸಿಟ್ಟರು. ಅದಕ್ಕೂ ಮುಂಚೆ, 1960ರಲ್ಲಿ, ಸೋವಿಯತ್ ದೇಶದ ಕಾರ್ಪಿಲೊವ್ ಗೋವಿನಜೋಳದಲ್ಲಿ ಇಂಥದೇ ವಿಚಿತ್ರವನ್ನು ಕಂಡಿದ್ದರೂ ಹೊರಗಿನವರ ಗಮನ ಅತ್ತ ಹರಿಯಲಿಲ್ಲ.

ಈ ಹೊಸ ಪದ್ಧತಿಯನ್ನು ರಬಕವಿ-ಬನಹಟ್ಟಿಯ ನೇಕಾರರ ಮನೆಯ ಉದಾಹರಣೆಯಿಂದ ವಿವರಿಸಬಹುದು. ಒಬ್ಬನೇ ನೂಲು ಹುಡುಕಿ, ಕಂಡಿಕೆ ಸುತ್ತಿ, ಮಗ್ಗದಲ್ಲಿಯೂ ಕುಳಿತರೆ ಲಾಳಿ ಮತ್ತೆ ಮತ್ತೆ ನಿಲ್ಲುತ್ತದೆ. ಹೊರಗೆ ಕುಳಿತವರು ಕಂಡಿಕೆ ಸುತ್ತಿ ಕೊಡುತ್ತಲೇ ಇದ್ದರೆ ಒಳಗೆ ಮಗ್ಗ ಎಡೆಬಿಡದೆ ನಡೆಯುತ್ತದೆ. ಕಬ್ಬಿನ ಎಲೆಯಲ್ಲಿ ಹೊರವಲಯದ ಕೋಶಗಳು, ಆಮ್ಲಜನಕಕ್ಕೆ ಮರುಳಾಗದ ಬೇರೊಂದು ಕಿಣ್ವದಿಂದ, ಅಂಗಾರಾಮ್ಲವನ್ನು ನಾಲ್ಕು ಇಂಗಾಲದ ಆಮ್ಲವಾಗಿ ಸುತ್ತಿ ನಾಳಗಳ ಸುತ್ತಣ ಒಳಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ರುಬಿಸ್ಕೊವಿನ ಸುತ್ತ ಅಂಗಾರಾಮ್ಲ ಕಿಕ್ಕಿರಿದಿರುವುದರಿಂದ ಅದಕ್ಕೆ ತಪ್ಪು ಮಾಡಲು ಆಸ್ಪದವಿಲ್ಲ. ರಂಧ್ರಗಳನ್ನು ಅರೆ ಮುಚ್ಚಿಕೊಂಡೂ ಕೆಲಸ ಸಾಗುವುದರಿಂದ ನೀರು ಉಳಿಯುತ್ತದೆ. ಒಂದು ಗ್ರಾಂ ಒಣ ಪದಾರ್ಥವನ್ನು ಕೂಡಿಸಲು ಹಳೆಯ ಪದ್ಧತಿಯ ಸಸ್ಯಗಳಿಗೆ ಸುಮಾರು 450 ರಿಂದ 950 ಗ್ರಾಂ ನೀರು ಬೇಕಾದರೆ, ಇವುಗಳಿಗೆ ಸುಮಾರು 250 ರಿಂದ 350 ಗ್ರಾಂ ಸಾಕು. (ಕಬ್ಬಿಗೆ ಇಷ್ಟೊಂದು ನೀರು ಏಕೆ ಹಾಯಿಸುತ್ತೇವೆಂದರೆ, ಅದು ಬೆಳೆಯುವುದು ಬಹಳ, ಹೊಲದಲ್ಲಿ ನಿಲ್ಲುವುದು ವರ್ಷವಿಡೀ, ಬೇರಿಗೆ ತಲುಪದೆ ಪೋಲಾಗುವ ನೀರಿನ ಲೆಕ್ಕ ಬೇರೆ.) ಇಂಥ ಸಸ್ಯಗಳಿಗೆ 30 ಡಿಗ್ರಿಯ ಹವೆ ಹಬ್ಬದೂಟದಂತೆ.

ಹಾಗಾದರೆ ಆ ನೀಲಿಬಣ್ಣ? ಅದು ವಾಸ್ತವವಾಗಿ ಬಣ್ಣವೇ ಅಲ್ಲ. ಎಲೆಯ ಹೊರಮೈಯ ಮೇಲೆ ಅತಿ ಸೂಕ್ಷ್ಮವಾದ ಮೇಣದ ಹರಳುಗಳು ಹರಡಿಕೊಂಡು ಬೆಳಕನ್ನು ಚದರಿಸುವುದರಿಂದ ಕೆಳಗಿನ ಹಸುರು ನೀಲಿಯಾಗಿ, ಬೂದಿಯಾಗಿ ಕಾಣುತ್ತದೆ. ಇದನ್ನು ನೋಡಲು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಹಿಂಗಾರಿಯ ಬಿಳಿಜೋಳದ ಹೊಲಕ್ಕೆ ಹೋಗಿ ಎಳೆಯ ದಂಟನ್ನು ಬೆರಳಿನಿಂದ ಉಜ್ಜಿರಿ. ಬೆರಳಿಗೆ ಬಿಳಿಯ ಹುಡಿ ಹತ್ತುತ್ತದೆ, ಉಜ್ಜಿದ ಜಾಗ ಕಡುಹಸುರಾಗಿ ಹೊಳೆಯುತ್ತದೆ. ಆ ಹುಡಿಯೂ ಮೇಣವೇ. ಉಜ್ಜಿದ ಕಡೆಯೂ ಉಜ್ಜದ ಕಡೆಯೂ ಒಂದೊಂದು ಹನಿ ನೀರನ್ನು ಇಟ್ಟು ನೋಡಿದರೆ ಮೇಣದ ಕೆಲಸ ಅರ್ಧ ತಿಳಿದಂತೆ: ಒಂದು ಕಡೆ ಹನಿ ಹರಡುತ್ತದೆ, ಇನ್ನೊಂದು ಕಡೆ ಮುತ್ತಿನಂತೆ ಉರುಳುತ್ತದೆ. ಹೊರಗಿನ ನೀರನ್ನು ಒಳಬಿಡದ ಹೊದಿಕೆ ಒಳಗಿನ ನೀರನ್ನೂ ಸುಲಭವಾಗಿ ಹೊರಬಿಡಲಾರದು.

ಈಗ ಅಂಗಳದ ಪ್ರಶ್ನೆಗೆ ಬರೋಣ. ಬಿಸಿಲನ್ನು ಗೆದ್ದ ಹುಲ್ಲುಗಳು ನಮ್ಮ ಸುತ್ತಲೇ ಇರುವಾಗ ಅವುಗಳಲ್ಲಿ ಅಂದವಾದುದನ್ನು ಏಕೆ ಆರಿಸಬಾರದು?

ಕರಿಕೆಯನ್ನು ಯಾರೂ ಮರೆಯುವಂತಿಲ್ಲ. ಗಣಪತಿಗೆ ಪ್ರಿಯವಾದ ಈ ಗರಿಕೆ ಎರೆಯ ಹೊಲದ ರೈತನಿಗೆ ಮಾತ್ರ ಬದ್ಧವೈರಿ. ನೆಲದ ಮೇಲೂ ಒಳಗೂ ಹರಿಯುವ ಅದರ ಕಾಂಡದಲ್ಲಿ ಒಂದು ಗೆಣ್ಣು ಉಳಿದರೂ ಸಾಕು, ಮತ್ತೆ ಚಿಗುರುತ್ತದೆ. ತುಳಿದಾಡುವ ಅಂಗಳಕ್ಕೆ ಅದು ಒಳ್ಳೆಯ ಹಾಸು. ಕರೆತರುವುದು ಸುಲಭ, ಕಳುಹಿಸುವುದು ಕಷ್ಟ ಎಂಬುದನ್ನು ನೆನಪಿನಲ್ಲಿಟ್ಟು ಕರೆತರಬೇಕು. ಗುಡ್ಡಗಳಲ್ಲಿ ಧೋತರ-ಸೀರೆಗಳಿಗೆ ಚುಚ್ಚಿಕೊಳ್ಳುವ ತೆನೆಯ ಹುಲ್ಲೊಂದುಂಟು; ವೈಜ್ಞಾನಿಕವಾಗಿ ಹೆಟೆರೊಪೋಗನ್ ಕಂಟಾರ್ಟಸ್. ಬೀಜಕ್ಕಂಟಿದ ಅದರ ಉದ್ದನೆಯ ಮುಳ್ಳುಗೂದಲು ಹಗ್ಗದಂತೆ ಹೊಸೆದಿರುತ್ತದೆ. ಒಂದನ್ನು ಒದ್ದೆಮಾಡಿ ಅಂಗೈಯಲ್ಲಿಟ್ಟುಕೊಂಡರೆ ಗಡಿಯಾರದ ಮುಳ್ಳಿನಂತೆ ತಿರುಗತೊಡಗುತ್ತದೆ. ಬೀಜ ತನ್ನನ್ನು ತಾನೇ ನೆಲದೊಳಕ್ಕೆ ಕೊರೆದುಕೊಳ್ಳುವುದು ಹೀಗೆ. ವಿದ್ಯಾರ್ಥಿಗಳಿಗೆ ಇದು ರಂಜಕವಾದರೂ ಮಕ್ಕಳೂ ಕುರಿಗಳೂ ಓಡಾಡುವ ಅಂಗಳಕ್ಕೆ ತಕ್ಕದ್ದಲ್ಲ. ಪೇಟೆಯ ಸಸ್ಯಾಲಯಗಳಲ್ಲಿ ಮಾರುವ, ನರಿಯ ಬಾಲದಂಥ ನೇರಿಳೆ ತೆನೆಯ ‘ಕಾರಂಜಿ ಹುಲ್ಲಿ’ನ ವಿಷಯದಲ್ಲಿಯೂ ಎಚ್ಚರವಿರಲಿ. ಅದು ಬೀಜದಿಂದ ಹಬ್ಬಿ ಹವಾಯಿಯಲ್ಲಿಯೂ ಅಮೆರಿಕದ ಅರಿಜೋನದಲ್ಲಿಯೂ ಕಾಡುಕಳೆಯಾಗಿದೆ.

ಫೆಸ್ಕ್ಯೂವಿನ ಆಸೆಗೆ ಹತ್ತಿರದ ಪರಿಹಾರ ಎರಡು. ಮೊದಲನೆಯದು ಮಜ್ಜಿಗೆ ಹುಲ್ಲು. ಈ ಕಡೆ ಮರಾಠಿಯ ಬಳಕೆಯಿಂದ ‘ಗವತಿ ಚಹಾ’ ಎಂದು ಪ್ರಸಿದ್ಧವಾದದ್ದು. ಇದರ ಎಲೆಯಲ್ಲಿಯೂ ನೀಲಿಯ ಛಾಯೆಯುಂಟು. ಎಲೆಗಳು ಕಾರಂಜಿಯಂತೆ ಬಾಗುತ್ತವೆ. ಚಹಾಕ್ಕೆ ಒದಗುವುದು ಬೇರೆ ಲಾಭ. ಎರಡನೆಯದು ಲಾವಂಚ. ಇದರ ಕಥೆ ಸ್ವಲ್ಪ ದೊಡ್ಡದು.

ಲಾವಂಚವು ಜೋಳ-ಕಬ್ಬುಗಳ ಹತ್ತಿರದ ನಂಟ. ಇದರ ಪೊದೆ ಒಂದೂವರೆ ಮೀಟರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಎತ್ತರಕ್ಕೆ ನಿಲ್ಲುತ್ತದೆ. ಬೇರು ಕರಿಕೆಯಂತೆ ಅಡ್ಡಡ್ಡ ಹರಿಯದೆ ನೇರವಾಗಿ ಕೆಳಗಿಳಿದು, ಒಳ್ಳೆಯ ನೆಲದಲ್ಲಿ ಮೂರು ನಾಲ್ಕು ಮೀಟರು ಆಳವನ್ನು ಮುಟ್ಟುತ್ತದೆ. ಬೇರಿನ ಸುಗಂಧ ಎಲ್ಲರಿಗೂ ಗೊತ್ತು. ಅದರ ತಟ್ಟಿಗೆ ನೀರು ಚಿಮುಕಿಸಿ ಬೇಸಗೆಯನ್ನು ಕಳೆದವರು ನಮ್ಮ ಹಿರಿಯರು. ಆದರೆ ಮಣ್ಣನ್ನು ಹಿಡಿದು ನಿಲ್ಲಿಸುವ ಅದರ ಶಕ್ತಿ ವಿದ್ವಜ್ಜಗತ್ತಿನ ಕಣ್ಣಿಗೆ ಬಿದ್ದದ್ದು ತಡವಾಗಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರಾಗಿ ಭಾರತದಲ್ಲಿದ್ದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಮಣ್ಣಿನ ಸವಕಳಿಗೆ ಲಾವಂಚದ ಬೇಲಿಯೇ ಅಗ್ಗದ ಮದ್ದೆಂದು ಸಾರಿದರು. ಆಗ ತಿಳಿದುಬಂದ ಸಂಗತಿಯೆಂದರೆ, ನಮ್ಮ ನಾಡಿನ ಗುಂಡ್ಲುಪೇಟೆಯ ರೈತರು ತಲೆತಲಾಂತರದಿಂದ ಹೊಲದ ಗಡಿಗಳಲ್ಲಿ ಲಾವಂಚವನ್ನು ಬೆಳೆಸುತ್ತ ಬಂದಿದ್ದರು! 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿ ಈ ಹುಲ್ಲಿನ ಬಗೆಗೆ ಒಂದು ಪುಸ್ತಕವನ್ನೇ ಹೊರತಂದಿತು. ಹೊಸತೆಂದು ಕೊಂಡಾಡಿದ್ದು ಗುಂಡ್ಲುಪೇಟೆಯಲ್ಲಿ ಹಳೆಯದಾಗಿತ್ತು.

ಜಮಖಂಡಿ, ಮುಧೋಳ, ಬೀಳಗಿಗಳಿಗೆ ಈ ವಿಷಯ ಕೇವಲ ಅಂಗಳದ ಅಲಂಕಾರವಲ್ಲ. ಹೆಚ್ಚು ನೀರು ಹಾಯಿಸಿದ ಎರೆಹೊಲಗಳಲ್ಲಿ ಅಂತರ್ಜಲ ಮೇಲೇರುತ್ತದೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ಅದು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಮೇಲೆ ಬಂದು ಬಿಸಿಲಿಗೆ ಆವಿಯಾಗುತ್ತದೆ. ತಂದ ಉಪ್ಪು ಮೇಲೆಯೇ ಉಳಿಯುತ್ತದೆ. ಇದೇ ನಮ್ಮ ರೈತರು ಹೇಳುವ ಸವಳು-ಜವಳು. ಕಬ್ಬು ಬೆಳೆದ ಹೊಲವೇ ಬೆಳ್ಳಗೆ ಪೊರೆಗಟ್ಟಿ, ಕಡೆಗೆ ಏನೂ ಬೆಳೆಯದಂತಾದುದನ್ನು ಈ ತಾಲ್ಲೂಕುಗಳಲ್ಲಿ ಕಾಣಬಹುದು. ಕಾಲುವೆಯನ್ನು ತೋಡಿ ಹೆಚ್ಚುನೀರನ್ನು ಹೊರಹಾಕುವುದೇ ಇದಕ್ಕೆ ಮೂಲ ಚಿಕಿತ್ಸೆ. ಹುಲ್ಲು ಅದರ ಬದಲಿಗೆ ನಿಲ್ಲಲಾರದು. ಆದರೂ ಬೋಳು ನೆಲವನ್ನು ಮುಚ್ಚಿ, ಆವಿಯಾಗುವಿಕೆಯನ್ನು ತಗ್ಗಿಸಿ, ಬೇರಿನಿಂದ ಮಣ್ಣಿಗೆ ದಾರಿಮಾಡಿಕೊಡುವುದರಲ್ಲಿ ಉಪ್ಪನ್ನು ಸಹಿಸುವ ಹುಲ್ಲುಗಳ ನೆರವು ದೊಡ್ಡದು. 1969ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಇರುವ ಕರ್ನಾಲದ ಹೆಸರನ್ನೇ ಪಡೆದ ‘ಕರ್ನಾಲ್ ಹುಲ್ಲು’ ತನ್ನ ಎಲೆಯ ಗ್ರಂಥಿಗಳಿಂದ ಉಪ್ಪನ್ನು ಹೊರಚೆಲ್ಲುತ್ತದೆ. ಲಾವಂಚವೂ ಸಾಕಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ. ನಿಂತ ನೀರನ್ನೂ ಸಹಿಸುತ್ತದೆ, ಬರವನ್ನೂ ಸಹಿಸುತ್ತದೆ. ಇವೆರಡನ್ನೂ ಒಟ್ಟಿಗೆ ಸಹಿಸುವ ಸಸ್ಯಗಳು ವಿರಳ.

ಆಲಮಟ್ಟಿಯ ಹಿನ್ನೀರಿನಿಂದ ಊರು ಬಿಟ್ಟು ಬಂದ ಬೀಳಗಿಯ ಜನರ ಪುನರ್ವಸತಿ ಕೇಂದ್ರಗಳಲ್ಲಿ ಬೋಳು ನಿವೇಶನಗಳನ್ನು ಕಂಡಾಗಲೆಲ್ಲ ನನಗೆ ಈ ಹುಲ್ಲಿನ ನೆನಪಾಗುತ್ತದೆ. ಮನೆಯ ಮುಂದಿನ ಇಳಿಜಾರಿನಲ್ಲಿ ಒಂದು ಸಾಲು ಇದ್ದರೆ ಮಳೆಯ ಮಣ್ಣು ಗಟಾರಕ್ಕೆ ಹೋಗದೆ ಅಂಗಳದಲ್ಲಿಯೇ ನಿಂತೀತು.

ನೆಡುವ ಕ್ರಮ ಸುಲಭ. ದಕ್ಷಿಣ ಭಾರತದಲ್ಲಿ ಬೇಸಾಯದಲ್ಲಿರುವ ಲಾವಂಚ ಮೊಳೆಯುವ ಬೀಜವನ್ನು ಬಿಡುವುದು ಅಪರೂಪ. ಆದುದರಿಂದ ಅದು ಕಳೆಯಾಗಿ ಹಬ್ಬುವುದಿಲ್ಲ, ಬುಡವನ್ನು ಸೀಳಿಯೇ ನೆಡಬೇಕು. ಹಳೆಯ ಪೊದೆಯನ್ನು ಅಗೆದು, ಒಂದೊಂದರಲ್ಲಿ ಎರಡು ಮೂರು ಕವಲುಗಳಿರುವಂತೆ ಬಿಡಿಸಿ, ಎಲೆಯನ್ನು 20 ಸೆಂಟಿಮೀಟರಿಗೂ ಬೇರನ್ನು ನಾಲ್ಕು ಬೆರಳಿಗೂ ಕತ್ತರಿಸಿ. ಮಳೆ ಹಿಡಿದ ಮೊದಲ ವಾರದಲ್ಲಿ ನೆಡಿ. ಬೇಲಿಗಾದರೆ ಗಿಡದಿಂದ ಗಿಡಕ್ಕೆ 10 ರಿಂದ 15 ಸೆಂಟಿಮೀಟರು. ಬಿಡಿಬಿಡಿಯಾದ ಪೊದೆ ಬೇಕಾದರೆ ಒಂದು ಮೀಟರು. ಇಳಿಜಾರಿಗೆ ಅಡ್ಡವಾಗಿ, ಸಾಲಿನಲ್ಲಿ ಎಡೆ ಬಿಡದಂತೆ ನೆಡುವುದು ಮುಖ್ಯ. ಒಂದು ಗಿಡ ಸತ್ತ ಎಡೆಯಲ್ಲಿಯೇ ನೀರು ನುಗ್ಗುತ್ತದೆ. ಬಿಸಿಲು ಪೂರ್ತಿಯಾಗಿ ಬೀಳಬೇಕು. ಬೇವಿನ ಮರದ ನೆರಳಿನಲ್ಲಿ ಲಾವಂಚ ಸೊರಗುತ್ತದೆ. ಮೊದಲ ವರ್ಷ ಮಳೆ ತಪ್ಪಿದಾಗ ನೀರು ಕೊಟ್ಟು ಕಳೆ ಕೀಳಬೇಕು. ಆಮೇಲೆ ವರ್ಷಕ್ಕೆ ಒಂದೆರಡು ಸಲ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಪೊದೆ ದಟ್ಟವಾಗಿ ದುಂಡಗಾಗುತ್ತದೆ. ಕತ್ತರಿಸಿದ ಎಲೆಯನ್ನು ಇತರ ಗಿಡಗಳ ಬುಡಕ್ಕೆ ಮುಚ್ಚಿಗೆಯಾಗಿ ಹಾಸಬಹುದು. ಎಳೆಯ ಎಲೆಯನ್ನು ದನ ತಿನ್ನುತ್ತದೆ, ಬಲಿತದ್ದನ್ನು ಮುಟ್ಟುವುದಿಲ್ಲ. ಬೇಲಿಗೆ ಇದೂ ಒಂದು ಅನುಕೂಲವೇ. ಬೇರಿನ ಆಸೆಗೆ ಬಿದ್ದು ಬೇಲಿಯನ್ನು ಅಗೆಯಬಾರದೆಂಬುದನ್ನು ಮಾತ್ರ ಮನೆಯ ಹಿರಿಯರಿಗೆ ತಿಳಿಸಿ ಹೇಳಬೇಕಾದೀತು.

ಇಷ್ಟಾದರೂ ನೀಲಿ ಫೆಸ್ಕ್ಯೂವನ್ನು ಕಾಣಲೇಬೇಕೆಂಬ ಹಟವಿದ್ದರೆ ಅದನ್ನು ನೆಲಕ್ಕೆ ಇಳಿಸದೆ ಮಣ್ಣಿನ ಕುಂಡದಲ್ಲಿಡಿ. ಅರ್ಧಕ್ಕಿಂತ ಹೆಚ್ಚು ದಪ್ಪಮರಳು ಮತ್ತು ಗರಸು, ಉಳಿದದ್ದು ಕೆಂಪುಮಣ್ಣು, ಗೊಬ್ಬರ ಬೇಡ. ತಳದ ತೂತು ಮುಚ್ಚದಂತೆ ಹೆಂಚಿನ ಚೂರನ್ನು ಇಡಿ. ನವೆಂಬರಿನಿಂದ ಫೆಬ್ರುವರಿಯವರೆಗೆ ಪೂರ್ತಿ ಬಿಸಿಲು ಕೊಡಬಹುದು. ಮಾರ್ಚಿನಿಂದಾಚೆಗೆ ಬೆಳಗಿನ ಬಿಸಿಲು ಮಾತ್ರ; ಮಳೆಗಾಲದಲ್ಲಿ ಸೂರಿನ ಕೆಳಗೆ, ಗಾಳಿ ಆಡುವ ಕಡೆ. ಮೇಲಿನ ಎರಡಂಗುಲ ಮಣ್ಣು ಒಣಗಿದ ಮೇಲೆಯೇ ನೀರು.

ನನ್ನ ಗೆಳೆಯರು ಈಗ ಹಾಗೆಯೇ ಮಾಡಿದ್ದಾರೆ. ಅಂಗಳದ ತಗ್ಗಿನ ಕಡೆ ಲಾವಂಚದ ಸಾಲೊಂದಿದೆ, ಬಾವಿಯ ಬಳಿ ಗವತಿ ಚಹಾದ ಎರಡು ಪೊದೆಗಳಿವೆ. ಪಡಸಾಲೆಯ ಕಟ್ಟೆಯ ಮೇಲೆ ಒಂದೇ ಒಂದು ಕುಂಡದಲ್ಲಿ ನೀಲಿ ಹುಲ್ಲು. ಚಳಿಗಾಲವನ್ನು ಅದು ಚೆನ್ನಾಗಿಯೇ ಕಳೆಯಿತು. ಏಪ್ರಿಲ್ ಕಾಲಿಟ್ಟ ಮೇಲೆ ನಡುವಿನ ಎಲೆಗಳು ಒಂದೊಂದಾಗಿ ಒಣಗತೊಡಗಿವೆ. ಅವರು ಪ್ರತಿ ಭಾನುವಾರ ಅವನ್ನು ಬಾಚಿ ತೆಗೆದು, ಎಣಿಸಿ, ಗೋಡೆಯ ಪಂಚಾಂಗದ ಮೇಲೆ ಬರೆದಿಡುತ್ತಾರೆ.